ಎಂಟು ಕಡಲೆಕಾಳು

ಹೋದ ವರ್ಷ ನನ್ನ ಗಂಡ ಡೆಂಗಿ ಜ್ವರದಿಂದ ಆಸ್ಪತ್ರೆಯಲ್ಲಿ ಮಲಗಿದ್ದಾಗ, ವಾಸಿಯಾದರೆ ಇಬ್ಬರೂ ಜೋಡಿಯಾಗಿ ಕೂತು ಸತ್ಯನಾರಾಯಣ ಪೂಜೆ ಮಾಡುತ್ತೇವೆ ಎಂದು ಹರಕೆ ಹೊತ್ತೆ. ಭಗವಂತ ತನ್ನ ಪಾಲಿನದನ್ನು ಮಾಡಿದ. ನಾವು ಮಾತ್ರ ಮೂರು ಸಲ ದಿನ ಗೊತ್ತುಮಾಡಿ ಮೂರು ಸಲವೂ ತಪ್ಪಿದೆವು. ‘ಸಣ್ಣ ಕೆಲಸ’ ಎಂದು ಇವರು ಆಫೀಸಿನಲ್ಲಿ ಒಪ್ಪಿಕೊಂಡಿದ್ದು ಹುಣ್ಣಿಮೆಯ ದಿನವೂ ಮುಗಿದಿರುತ್ತಿರಲಿಲ್ಲ.

ನಮ್ಮ ಮನೆ ಚಂದಾಪುರದಲ್ಲಿ. ವಾರದಲ್ಲಿ ಮೂರು ದಿನ ಊಟದ ಮೇಜೇ ಇವರ ಆಫೀಸು. ಇವರು ಮಾಡುವ ಸಾಫ್ಟ್‌ವೇರು ಒಟ್ಟಿಗೇ ಮುಗಿಯುವಂಥದ್ದಲ್ಲ, ಎರಡು ವಾರಕ್ಕೊಂದು ತುಂಡು ಸೇರಿಸುತ್ತಾ ಹೋಗುತ್ತಾರೆ. ಹೊಸ ತುಂಡು ಶುರುವಾಗುವ ಸೋಮವಾರ ಎಲ್ಲರೂ ಲ್ಯಾಪ್‌ಟಾಪಿನಲ್ಲಿ ಸೇರಿ, ಯಾವ ಕೆಲಸ ಎಷ್ಟು ಭಾರ ಎಂದು ಅಂದಾಜು ಹಾಕುತ್ತಾರೆ. ಮೂರು, ಐದು, ಎಂಟು, ಹೀಗೆ ಒಂದೊಂದು ಅಂಕಿ. ಅಂಕಿ ದೊಡ್ಡದಾದಷ್ಟೂ ಆ ಎರಡು ವಾರಕ್ಕೆ ಒಪ್ಪಿಕೊಳ್ಳುವ ಬೇರೆ ಕೆಲಸ ಕಡಿಮೆ. ನಾಲ್ಕು, ಆರಕ್ಕೆ ಅಲ್ಲಿ ಜಾಗವಿಲ್ಲ. ಎಲ್ಲರಿಗಿಂತ ಚಿಕ್ಕದು ಹೇಳಿದವರೂ ದೊಡ್ಡದು ಹೇಳಿದವರೂ ಕಾರಣ ಕೊಡಬೇಕು.

ಇವರದು ಯಾವಾಗಲೂ ಚಿಕ್ಕ ಅಂಕಿ. ಗುಂಪಿಗೆ ಹೊಸದಾಗಿ ಸೇರಿದ್ದ ಹುಬ್ಬಳ್ಳಿ ಕಡೆಯ ಹುಡುಗಿಯೊಬ್ಬಳ ದನಿ ಆಗ ಬರುತ್ತಿತ್ತು.

“ಬರೇ ಮೂರೇನ್ರಿ ಸರ್? ಹೋದ ಸಲಾನೂ ಹಂಗ ಅಂದ್ರಿ. ಹೊಸಾದು ಕೂಡಿಸೋದು ಸರಿ, ಹಳೇದು ಕೆಡಲಾರ್ದಂಗ ನೋಡ್ಕೊಳ್ಳೋರು ಯಾರು?”

“ಹೌದಲ್ವಾ! ಐದು ಹಾಕಿ, ಐದು ಹಾಕಿ,” ಎಂದು ಇವರು ನಗುತ್ತಿದ್ದರು.

ಆ ನಗು ಕೇಳಿ ನನ್ನ ಒಗ್ಗರಣೆ ಸೀದುಹೋಗುತ್ತಿತ್ತು. ‘ಹತ್ತು ನಿಮಿಷದಲ್ಲಿ ಹೊರಡೋಣ’ ಎನ್ನುವ ಇವರಿಗೆ, ಮನೆ ಎತ್ತಿಡುವುದಕ್ಕೆ ಬೇರೆ ಹೊತ್ತು ಬೇಕು ಎಂದು ಹದಿನಾಲ್ಕು ವರ್ಷದಿಂದ ನಾನೂ ಅದನ್ನೇ ಹೇಳುತ್ತಿದ್ದೇನೆ. “ನಿಂದು ಯಾವಾಗ್ಲೂ ಇದೇ ರಾಗ,” ಎನ್ನುತ್ತಾರೆ. ಆ ಹುಡುಗಿಯ ನಡತೆಯ ಬಗ್ಗೆ ನನಗೆ ಚೂರೂ ಸಂಶಯವಿರಲಿಲ್ಲ. ಹೊಟ್ಟೆಕಿಚ್ಚು ಇತ್ತು. ದೇವರಿಗೆ ದೀಪ ಹಚ್ಚುವಾಗಲೂ ಇತ್ತು.

ಒಂದು ಸೋಮವಾರ, ನೆನೆಹಾಕಲು ತೆಗೆದ ಕಡಲೆಕಾಳನ್ನು ಅಡುಗೆಕಟ್ಟೆಯ ಮೇಲಿಟ್ಟು ನಾನೂ ಅಂದಾಜು ಹಾಕತೊಡಗಿದೆ. ಸಾಫ್ಟ್‌ವೇರು ನನಗೇನು ಗೊತ್ತು? ಇವರು ಗೊತ್ತು. ಕೆಲಸ ಸುಲಭವಾದರೆ ಕಾಫಿ ಹೀರುತ್ತಾ ಅಂಕಿ ಹೇಳುತ್ತಾರೆ. ಗೊತ್ತಿಲ್ಲದಿದ್ದರೆ ಕಿವಿ ಉಜ್ಜಿಕೊಂಡು ಹೇಳುತ್ತಾರೆ. ಕಿವಿಗೆ ಕೈ ಹೋದರೆ ನಾನು ಎಂಟು ಕಾಳು ಇಡುತ್ತಿದ್ದೆ. ಎರಡು ಸಲ ಕೆಲಸ ಎಳೆದಾಡಿ ಅವಳ ಐದು ಸುಳ್ಳಾಗಿ ನನ್ನ ಎಂಟು ನಿಜವಾಯಿತು. ಯಾರ ಹತ್ತಿರ ಹೇಳಿಕೊಳ್ಳಲಿ? ದೇವರ ಹತ್ತಿರ ಹೇಳಿಕೊಂಡೆ.

ಪೂಜೆಗೆ ನಾಲ್ಕನೆಯ ಸಲ ದಿನ ಗೊತ್ತುಮಾಡಿದೆ. ಆ ವಾರದ ಸೋಮವಾರ ಬಂದಿದ್ದು ಭಾರಿ ಕೆಲಸ. ಇವರು ಕಿವಿ ಉಜ್ಜಿಕೊಂಡು “ಐದು” ಎಂದರು. ಅವಳಾದರೂ ತಿದ್ದಲಿ ಎಂದು ಕಾದೆ.

“ನಂದೂ ಐದ ರೀ ಸರ್. ಈ ಸಲ ಸರಿ ಹೇಳಿದ್ರಿ.”

ಈ ಹುಣ್ಣಿಮೆಯೂ ಹೋಯಿತು ಎಂದುಕೊಂಡೆ. ಸೌಟು ಹಿಡಿದೇ ಹೊರಗೆ ಬಂದು “ಎಂಟು” ಎಂದುಬಿಟ್ಟೆ.

ಇವರು ಕಣ್ಣುಕಣ್ಣು ಬಿಟ್ಟರು. “ಏಯ್, ಮೈಕ್ ಆನ್ ಇದೆ ಕಣೇ!”

“ಯಾರ್ರಿ ಅದು, ವೈನಿ ಏನು?” ಲ್ಯಾಪ್‌ಟಾಪಿನಿಂದ ಅವಳ ನಗು. “ದೊಡ್ಡ ಅಂಕಿ ಹೇಳಿದವರು ಕಾರಣ ಹೇಳ್ಬೇಕ್ರಿ. ಹೇಳ್ರಿ ವೈನಿ, ಯಾಕ ಎಂಟು?”

ನನ್ನನ್ನು ಯಾರೂ ಹಾಗೆ ಕೇಳಿದ್ದಿಲ್ಲ. ಕೇಳಿದವಳು ಅವಳೇ ಆಗಬೇಕಿತ್ತೇ ಎಂದೂ ಅನಿಸಿತು.

“ಇವ್ರು ಕಿವಿ ಉಜ್ಜಿಕೊಳ್ತಿದಾರಮ್ಮ. ಹಂಗೆ ಮಾಡಿದ್ರೆ ಇವ್ರಿಗೇನೂ ಗೊತ್ತಿಲ್ಲ ಅಂತ್ಲೇ ಅರ್ಥ. ಮತ್ತೆ ಗುರುವಾರ ನಮ್ಮನೇಲಿ ಪೂಜೆ. ಅವತ್ತು ಪೂರ್ತಿ ಇವ್ರು ಸಿಗಲ್ಲ.”

ಇಡೀ ಗುಂಪು ನಕ್ಕಿತು. “ಎಂಟು ಬರ್ಕೊಳ್ರಿ,” ಎಂದಳು ಅವಳು. “ಉಳಿದ ಕೆಲಸ ಮುಂದಿನ ಸಲಕ್ಕ ಹೋಗ್ಲಿ.”

ಗುರುವಾರ ಲ್ಯಾಪ್‌ಟಾಪು ಮುಚ್ಚೇ ಇತ್ತು. ಕಥೆಯ ಐದೂ ಅಧ್ಯಾಯ ಮುಗಿಯುವವರೆಗೆ ಇವರು ನನ್ನ ಪಕ್ಕದ ಮಣೆ ಬಿಟ್ಟು ಏಳಲಿಲ್ಲ. ಮಂಗಳಾರತಿಯ ಹೊತ್ತಿಗೆ ನನಗೆ ಕಣ್ಣು ತುಂಬಿತು.

ಮರುದಿನ ಆಫೀಸಿಗೆ ಹೊರಟವರು, “ಆ ಹುಡುಗಿ ಪ್ರಸಾದ ಕೇಳಿದ್ಲು ಕಣೇ,” ಎಂದರು. ದೊಡ್ಡ ಡಬ್ಬಿಗೆ ಸಜ್ಜಿಗೆ ತುಂಬಿದೆ. ಮನಸ್ಸು ತಡೆಯದೆ ಚಿಕ್ಕ ಡಬ್ಬಿಗೆ ಬದಲಾಯಿಸಿದೆ. ಪ್ರಸಾದವನ್ನು ಅಲಕ್ಷ್ಯ ಮಾಡಿದವರ ಪಾಡನ್ನು ಹಿಂದಿನ ದಿನ ತಾನೇ ಕಥೆಯಲ್ಲಿ ಕೇಳಿದ್ದೆ. ಹೆದರಿ ಮತ್ತೆ ದೊಡ್ಡದಕ್ಕೇ ಸುರಿದೆ. ಗೋಡಂಬಿ ಮಾತ್ರ ಎರಡು ಆರಿಸಿ ಇವರ ಬಾಯಿಗೆ ಹಾಕಿ ಕಳಿಸಿದೆ.