ಕಣಜದ ಮದುವೆ ಕೆಡಿಸಿದವರು

ಹೆಬ್ಬಾಳದ ಪ್ರಯೋಗಶಾಲೆಯೊಂದರಲ್ಲಿ ನನ್ನ ಮೊದಲ ಕೆಲಸ ಕಣಜ ಸಾಕುವುದಾಗಿತ್ತು. ಸಣ್ಣ ಇರುವೆಯಷ್ಟು ಗಾತ್ರದವು. ತೆಂಗಿನ ಗರಿ ತಿನ್ನುವ ಹುಳವನ್ನು ಹೆಣ್ಣು ಕಣಜ ಚುಚ್ಚಿ, ಅದರ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿಗಳು ಆ ಹುಳವನ್ನೇ ತಿಂದು ಬೆಳೆಯುತ್ತವೆ. ಲಾಂದ್ರದ ಗಾಜಿನ ಎರಡೂ ಬಾಯಿಗೆ ತೆಳು ಬಟ್ಟೆ ಕಟ್ಟಿದರೆ ಅದೇ ಅವುಗಳ ಮನೆ, ಅದೇ ಮದುವೆ ಚಪ್ಪರ. ಗಂಡು ರೆಕ್ಕೆ ಬಡಿಯುತ್ತ ಹೆಣ್ಣಿನ ಹಿಂದೆ ಸುತ್ತುವುದನ್ನು ನಾನು ಊಟದ ಹೊತ್ತಿನಲ್ಲಿ ಮೊಣಕೈ ಅಲ್ಲಾಡಿಸಿ ಆಡಿ ತೋರಿಸುತ್ತಿದ್ದೆ. ನನಗೂ ಅದಕ್ಕೂ ವ್ಯತ್ಯಾಸ ಒಂದೇ: ಅದಕ್ಕೆ ಹೆಣ್ಣು ಸಿಗುತ್ತಿತ್ತು.

ಸ್ಟೋರಿನ ಗುಮಾಸ್ತರನ್ನೂ ಅಣಕಿಸುತ್ತಿದ್ದೆ. ಮಾತು ಮೂಗಿನಿಂದ, ನಡೆದರೆ ಹೊಟ್ಟೆ ಒಂದು ಗೇಣು ಮುಂದೆ. ಅವರಿಗದು ಗೊತ್ತಿತ್ತು.

ಆಯುಧಪೂಜೆಯ ಹಿಂದಿನ ಸಂಜೆ ನಾನು ಯಲಹಂಕದ ಮನೆಗೆ ಹೊರಟ ಮೇಲೆ, ಪೂಜೆಗೆ ಜೇಡರ ಬಲೆ ಕಾಣಬಾರದೆಂದು ಅವರು ನನ್ನ ಕೋಣೆಗೆಲ್ಲ ಡಿಡಿಟಿ ಹೊಡೆದರು. ಬೆಳಿಗ್ಗೆ ಬಂದರೆ ಪ್ರತಿ ಗಾಜಿಗೂ ಕುಂಕುಮ, ಚೆಂಡುಹೂ, ಜೊತೆಗೆ ಔಷಧಿಯ ಘಾಟು.

“ಹುಳದ ರೂಮಿಗೆ ಹುಳದ ಔಷಧಿ ಹೊಡೆದ್ರೆ ಏನಯ್ಯಾ ತಪ್ಪು? ನೋಡು, ಓಡಾಡ್ತಾನೇ ಇವೆ,” ಎಂದರು.

ಓಡಾಡುತ್ತಿದ್ದುದು ನಿಜ. ಸತ್ತದ್ದು ಕೆಲವೇ. ಆದರೆ ಮುಂದಿನ ಪೀಳಿಗೆ ಹೊರಬಂದಾಗ ಎಲ್ಲವೂ ಗಂಡು! ಗಂಡಿನೊಡನೆ ಕೂಡದ ಹೆಣ್ಣು ಕಣಜವೂ ಮೊಟ್ಟೆಯಿಡುತ್ತದೆ, ಆದರೆ ಅದರಿಂದ ಗಂಡು ಮಾತ್ರ ಹುಟ್ಟುತ್ತದೆ. ಬಾಗಲೂರಿನ ತೆಂಗಿನ ತೋಟಕ್ಕೆ ಬಿಡಲು ಹುಳ ಚುಚ್ಚುವ ಹೆಣ್ಣೇ ಇಲ್ಲ.

ಪ್ರಯೋಗಶಾಲೆಯ ಮುಖ್ಯಸ್ಥರಾದ ಸಾಹೇಬರು ಗಾಜು ಎತ್ತಿ ನೋಡಿದರು. “ಗಂಡು ಹೆಣ್ಣು ಒಟ್ಟಿಗೆ ಬಿಡೋದನ್ನೇ ಮರೆತಿದ್ದೀಯ. ಇನ್ನೊಂದ್ಸಲ ಹಿಂಗಾದ್ರೆ ಕೆಲ್ಸ ಬಿಟ್ಟು ನಡಿ.”

“ಇವರು ಡಿಡಿಟಿ ಹೊಡೆದಿದ್ರು ಸಾರ್.”

“ನಾನಾ? ಗಾಜು ಇಡೋ ಹಲಗೆ ಒರೆಸಿದ್ದೆ ಅಷ್ಟೆ,” ಎಂದರು ಗುಮಾಸ್ತರು, ನನ್ನ ಮುಖವನ್ನೇ ನೋಡುತ್ತ. “ಇವ್ನು ದಿನಾ ಕುಣೀತಾನಲ್ಲ ಸಾರ್, ಅದನ್ನ ನೋಡಿ ಹೆಣ್ಣುಗಳಿಗೆ ಮದ್ವೆನೇ ಬೇಡ ಅನ್ಸಿರ್ಬೇಕು.”

ಎಲ್ಲರೂ ನಕ್ಕರು. ಒಳ್ಳೆಯ ಮಾತು, ನಾನೇ ಆಡಬೇಕಿತ್ತು. ಅದಕ್ಕೇ ಹೊಟ್ಟೆ ಇನ್ನಷ್ಟು ಉರಿಯಿತು.

ಪಕ್ಕದ ಕಟ್ಟಡದಿಂದ ಆಗಷ್ಟೇ ಹೊರಬಂದ ಕಣಜಗಳನ್ನು ತಂದು, ಒಂದು ಜೋಡಿಯನ್ನು ಹೊಸ ಗಾಜಿನೊಳಗೆ, ಇನ್ನೊಂದನ್ನು ನನ್ನ ಕೋಣೆಯ, ಔಷಧಿ ಬಿದ್ದಿದ್ದ ಹಳೆಯ ಗಾಜಿನೊಳಗೆ ಬಿಟ್ಟೆ. ಸಾಹೇಬರನ್ನು ಕರೆದೆ. ಗುಮಾಸ್ತರಿಗೆ ನಾನೇ ಕುರ್ಚಿ ಹಾಕಿದೆ, ಎದುರಿಗೇ.

ಹೊಸ ಗಾಜಿನ ಗಂಡು ರೆಕ್ಕೆ ಬಡಿದು, ಸುತ್ತಿ, ಹೆಣ್ಣಿನ ಮೇಲೇರಿತು. ಹಳೆಯದರಲ್ಲಿದ್ದ ಗಂಡು ಹೆಣ್ಣಿನ ಹತ್ತಿರ ಹೋಯಿತು, ನಡುಗಿತು, ಮಗ್ಗುಲಿಗೆ ಬಿತ್ತು, ಎದ್ದು ಮೀಸೆ ಒರೆಸಿಕೊಂಡು ಬೇರೆ ಕಡೆ ನಡೆಯಿತು.

“ಅಲ್ಲಾ, ನಾನ್ ಯಾಕಪ್ಪಾ ಬಂದೆ ಇಲ್ಲಿಗೆ? ಸ್ಟೋರಿಗೆ ಬೀಗ ಹಾಕಿದ್ನಾ?” ಎಂದೆ, ಗುಮಾಸ್ತರ ಮೂಗಿನ ದನಿಯಲ್ಲೇ.

ಸಾಹೇಬರು ನಗು ನುಂಗಿಕೊಂಡು ಅವರತ್ತ ತಿರುಗಿದರು. “ಏನ್ರೀ ಹೊಡೆದ್ರಿ?”

“ಸ್ವಲ್ಪ... ಪೂಜೆ ಅಂತ...”

ನನ್ನ ಕೆಲಸ ಉಳಿಯಿತು. ಹಲಗೆ, ಗಾಜು, ಗೋಡೆಗಳನ್ನೆಲ್ಲ ಗುಮಾಸ್ತರೇ ಸೋಪು ಹಾಕಿ ತೊಳೆಯಬೇಕೆಂದು ಆಜ್ಞೆಯಾಯಿತು, ನೋಡಿಕೊಳ್ಳುವವನು ನಾನು. ಸ್ಟೂಲಿನ ಮೇಲೆ ಕೂತು, “ಮೂಲೆ ಸಾರ್, ಮೂಲೆ,” ಎನ್ನುತ್ತಿದ್ದೆ. ಹಲಗೆಗಳು ಬೆಳ್ಳಗಾದವು. ಅವರ ಪಂಚೆ ಮೊಣಕಾಲವರೆಗೂ ನೆನೆದಿತ್ತು.

“ಸಾಕೇನಯ್ಯಾ?” ಎಂದರು, ಸೊಂಟ ಹಿಡಿದುಕೊಂಡು.

ಸಾಕಾಗಿತ್ತು. “ಮೇಲಿನ ಹಲಗೆಯಿಂದ ಇನ್ನೊಂದು ಕೈ ಆಗ್ಲಿ ಸಾರ್,” ಎಂದು ಕಾಲ ಮೇಲೆ ಕಾಲು ಹಾಕಿದೆ.