ನೀರಿಳಿದ ಊರಿನಲ್ಲಿ ಅಸರ್

ಮೇ ತಿಂಗಳ ಕೊನೆಯ ವಾರ, ಬೆಳಿಗ್ಗೆ ಏಳಕ್ಕೆ ವಿಜಯಪುರ ಬಿಟ್ಟೆವು. ನಾನು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಎರಡು ದಿನಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಿ ಬೋರ್‌ವೆಲ್ಲಿನ ಮತ್ತು ಹೊಳೆಯ ನೀರಿನ ಮಾದರಿಗಳನ್ನು ತರಬೇಕಿತ್ತು. ಜೀಪಿನಲ್ಲಿ ಇದ್ದವರು ನಾನು ಮತ್ತು ಚಾಲಕ ಸಂಗಪ್ಪ ಕಾಕಾ, ಇಬ್ಬರೇ. ಹಿಂದೆ ಐಸ್ ಪೆಟ್ಟಿಗೆ, ಖಾಲಿ ಬಾಟಲಿಗಳು. ನನ್ನ ಚೀಲದ ತಳದಲ್ಲಿ, ನಮಾಜಿಗೆ ಹಾಸಿಕೊಳ್ಳುವ ಜಾನಮಾಜ್ ಮಡಚಿ ಇಟ್ಟಿತ್ತು.

ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದರೂ ನಮಾಜಿನ ಮಾತನ್ನು ಅಲ್ಲಿ ಎತ್ತಿರಲಿಲ್ಲ. ಯಾರೂ ಬೇಡ ಅಂದವರಲ್ಲ; ಕೇಳುವುದು ನನ್ನಿಂದ ಆಗುತ್ತಿರಲಿಲ್ಲ. ತಪ್ಪಿದ ವೇಳೆಗಳನ್ನು ಮನೆಗೆ ಹೋಗಿ ಪೂರೈಸುತ್ತಿದ್ದೆ. ಈ ಎರಡು ದಿನ ಒಂದನ್ನೂ ತಪ್ಪಿಸಬಾರದೆಂದು, ಯಾರಿಗೂ ತಿಳಿಯಗೊಡಬಾರದೆಂದು ನಿರ್ಧರಿಸಿಕೊಂಡಿದ್ದೆ.

ಇಂಡಿ ದಾರಿಯಲ್ಲಿ ಒಂದು ಬೇವಿನ ಮರದ ಕೆಳಗೆ ಕಾಕಾ ಜೀಪ್ ನಿಲ್ಲಿಸಿ ಮನೆಗೆ ಫೋನ್ ಮಾಡಿದರು. ಅವರ ಮೊಮ್ಮಗಳು ಭಾಗಿಗೆ ಐದು ವರ್ಷ. ಮೂರು ವಾರದ ಹಿಂದೆ ಕಾಲುವೆಗೆ ಬಿದ್ದವಳನ್ನು ಆ ಕ್ಷಣದಲ್ಲೇ ಎತ್ತಿದ್ದರು. ಮೈಗೆ ಏನೂ ಆಗಿರಲಿಲ್ಲ, ಆದರೆ ಅಂದಿನಿಂದ ಒಂದು ಮಾತೂ ಆಡಿರಲಿಲ್ಲ. ತಾನಾಗಿ ಬರುತ್ತದೆ, ಕಾಯಿರಿ ಎಂದು ಡಾಕ್ಟರು ಹೇಳಿದ್ದರಂತೆ. ದಿನಕ್ಕೆರಡು ಸಲ ಸೊಸೆ ಹುಡುಗಿಯ ಕಿವಿಗೆ ಫೋನ್ ಹಿಡಿಯುತ್ತಿದ್ದಳು. ಕಾಕಾ ಅವಳ ಹೆಸರು ಕರೆದು ಸುಮ್ಮನೆ ಕಾದರು. ಆ ಕಡೆಯಿಂದ ಸಣ್ಣ ಉಸಿರಿನ ಸದ್ದು ನನಗೂ ಕೇಳಿತು.

"ಉಸರರ ಕೇಳಸ್ತೈತ್ರಿ," ಎಂದು ಗಾಡಿ ಹೊರಡಿಸಿದರು.

ಇಂಡಿ ತಲುಪಿದಾಗ ಊರ ತುಂಬ ನಿಂಬೆಯ ವಾಸನೆ. ಮಾದರಿ ತೆಗೆಯುವ ಕೆಲಸ ಮುಗಿಸಿ, ಕಚೇರಿಯೊಂದರ ಹಿಂಬದಿಯ ಕೋಣೆ ಸೇರಿ ಒಳಗಿನಿಂದ ಚಿಲಕ ಹಾಕಿಕೊಂಡೆ. ನಮಾಜಿಗೆ ಮುಂಚಿನ ವುಜೂದಲ್ಲಿ ಕೈ, ಬಾಯಿ, ಮೂಗು, ಮುಖ ತೊಳೆಯುವುದು ಸುಲಭ. ಕಾಲು ತೊಳೆಯಲು ಒಂದೊಂದೇ ಪಾದವನ್ನು ಬೇಸಿನ್ನಿಗೆ ಎತ್ತಬೇಕು. ಆ ಹೊತ್ತಿಗೆ ಯಾರಾದರೂ ಬಾಗಿಲು ತಟ್ಟಿದರೆ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ನಮಾಜಿಗೆ ನಿಂತ ಸ್ವಲ್ಪ ಹೊತ್ತಿಗೆ ಹೊರಗೆ ಹೆಜ್ಜೆಗಳು ಬಂದು ಬಾಗಿಲ ಬಳಿ ನಿಂತವು. ಯಾರೂ ತಟ್ಟಲಿಲ್ಲ. ಮುಗಿಸಿ ತೆರೆದರೆ ಉದ್ದನೆಯ ಪಡಸಾಲೆಯಲ್ಲಿ ಬಿಸಿಲು ಮಾತ್ರ ಇತ್ತು.

ಸಂಜೆ ಸಿಂದಗಿಯ ಶಾಲೆಯೊಂದರಲ್ಲಿ, ಮುರಿದ ಬೆಂಚುಗಳ ಕೋಣೆಯಲ್ಲಿ, ಇಳಿಹೊತ್ತಿನ ನಮಾಜಾದ ಅಸರ್ ಹೊತ್ತಿಗೂ ಹಾಗೆಯೇ ಆಯಿತು. ಹೆಜ್ಜೆಗಳು ಬಂದವು, ನಿಂತವು. ಹಣೆ ನೆಲಕ್ಕೆ ತಾಗಿಸುವ ಸಜ್ದಾಕ್ಕೆ ಬಾಗಿದಾಗ ಬಾಗಿಲ ಕೆಳಗಿನ ಸಂದಿನಲ್ಲಿ ಎರಡು ಪಾದಗಳ ನೆರಳು ಕಂಡಿತು. ತೆರೆದಾಗ ಯಾರೂ ಇಲ್ಲ. ಶಾಲೆಗೆ ಬೇಸಿಗೆ ರಜೆ; ಕೀಲಿ ಕೊಟ್ಟಾತ ಆಗಲೇ ಮನೆಗೆ ಹೋಗಿದ್ದ. ಅಂದು ಲಾಡ್ಜಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ ಎದುರಿಗಿದ್ದರೂ ಊಟ ಸೇರಲಿಲ್ಲ.

ಮರುದಿನ ಮುದ್ದೇಬಿಹಾಳ ಮುಗಿಸಿದಾಗ ಮೂರು ಗಂಟೆ. ಕೊನೆಯ ಮಾದರಿ ಕೃಷ್ಣೆಯ ಹಿನ್ನೀರಿನದು; ಯಾವ ದಡದಿಂದ ತಂದರೂ ನಡೆಯುತ್ತಿತ್ತು. ಬಾಗೇವಾಡಿ ರಸ್ತೆಯಿಂದ ಕಾಕಾ ಎಡಕ್ಕೆ ಮಣ್ಣಿನ ದಾರಿ ಹಿಡಿದರು. ಡಾಂಬರು ಮುಗಿದ ಮೇಲೆ ಅರ್ಧ ತಾಸು ಒಬ್ಬ ಮನುಷ್ಯನೂ ಸಿಗಲಿಲ್ಲ. ದಾರಿ ಒಮ್ಮೆಲೇ ಇಳಿದು, ನೀರು ಹಿಂದೆ ಸರಿದ ಬಯಲು ಎದುರಾಯಿತು. ಬಿರಿದ ಕೆಸರು, ಕಪ್ಪೆಚಿಪ್ಪು, ಅದರ ನಡುವೆ ಮೊಣಕಾಲೆತ್ತರದ ಗೋಡೆಗಳ ಸಾಲು. ಮನೆಗಳಿರಲಿಲ್ಲ, ಹೊಸ್ತಿಲುಗಳು ಇದ್ದಲ್ಲೇ ಇದ್ದವು.

"ನಾ ಹುಟ್ಟಿದ ಊರ್ರಿ," ಎಂದರು ಕಾಕಾ. ಅಣೆಕಟ್ಟಿನ ನೀರು ಬಂದಾಗ ಎಲ್ಲರೂ ಬಿಟ್ಟು ಎದ್ದ ಊರು. ಬೇಸಿಗೆಯಲ್ಲಿ ಕೆಲವು ದಿನ ಹೀಗೆ ಕಾಣಿಸಿಕೊಳ್ಳುತ್ತದಂತೆ.

ನಾನು ಬಾಟಲಿ ತುಂಬಿ ಚೀಟಿ ಅಂಟಿಸಿ ಬರುವಷ್ಟರಲ್ಲಿ ಐದೂವರೆ. ಅವರು ನನ್ನ ಮುಖ ನೋಡದೆ, "ಅಸರ್ ವ್ಯಾಳ್ಯಾ ಆತಲ್ರಿ ಮೇಡಂ. ಮಸೀದಿ ಆ ಕಡಿ ಐತಿ," ಅಂದರು.

ನಾನು ಕೈಯಲ್ಲಿದ್ದ ಬಾಟಲಿಯನ್ನು ಐಸ್ ಪೆಟ್ಟಿಗೆಗೆ ಇಟ್ಟೆ.

"ಇಂಡ್ಯಾಗ, ಸಿಂದಗ್ಯಾಗ ಬಾಗಲಾ ಕಾದಾಂವ ನಾನಽ ರೀ. ಯಾರರ ನುಗ್ಗಿದ್ರ ನಿಮಗ ಮುಜುಗರ ಅಕ್ಕಿತ್ತಂತ ನಿಂತೆ. ಮುಗದ ಕೂಡಲೆ ಸರದು ಹೊಂಟೆ."

ನಾಚಿಕೆಯಾಯಿತು, ಎದೆಯೂ ಹಗುರಾಯಿತು. ಜಾನಮಾಜ್ ತೆಗೆದುಕೊಂಡು ಇಳಿದೆ.

ಚಾವಣಿ ಇಲ್ಲದ ಮಸೀದಿ. ಪಶ್ಚಿಮದ ಗೋಡೆ ಎದೆಯೆತ್ತರ ಉಳಿದು, ಅದರಲ್ಲಿ ನಮಾಜಿನ ದಿಕ್ಕು ತೋರುವ ಮೆಹರಾಬಿನ ಕಮಾನು ಅರ್ಧ ಇತ್ತು. ಮುಂದೆ ವುಜೂ ಮಾಡುವ ಕಲ್ಲಿನ ಹೌಜಿನಲ್ಲಿ ಹಿನ್ನೀರು ನಿಂತಿತ್ತು. ಪ್ರಯೋಗಾಲಯದಲ್ಲಿ ನೀರಿಗೆ ಮೊದಲು ಕೇಳುವುದನ್ನೇ ವುಜೂವಿನ ನೀರಿಗೂ ಕೇಳುತ್ತೇವೆ: ಬಣ್ಣ, ವಾಸನೆ, ರುಚಿ. ಮೂರೂ ಸರಿಯಿದ್ದವು. ನಮ್ಮ ಓಣಿಯ ಮಸೀದಿಗೆ ಹೆಂಗಸರು ಹೋಗುವ ರೂಢಿಯಿಲ್ಲ. ಇಪ್ಪತ್ತಾರು ವರ್ಷದಲ್ಲಿ ಹೌಜಿನ ಅಂಚಿಗೆ ನಾನು ಕೂತದ್ದು ಅದೇ ಮೊದಲು. ನೀರು ಮೇ ತಿಂಗಳ ನೀರಿನಂತಿರಲಿಲ್ಲ, ಬೆರಳು ಸೆಟೆಯುವಷ್ಟು ತಣ್ಣಗಿತ್ತು.

ಪ್ರಯಾಣದಲ್ಲಿ ಅಸರ್ ಎರಡೇ ರಕಾತ್, ನಿಂತು ಬಾಗಿ ಮಣಿಯುವ ಎರಡೇ ಸುತ್ತು. ಮೊದಲನೆಯದರಲ್ಲಿ ಹಿಂದೆ ಹೌಜಿನಲ್ಲಿ ನೀರು ಮೊಗೆದ ಸದ್ದು ಕೇಳಿತು. ಕೈ ತೊಳೆದಂತೆ, ಬಾಯಿ ಮುಕ್ಕಳಿಸಿದಂತೆ, ಅದೇ ಕ್ರಮದಲ್ಲಿ. ಮತ್ತೆ ಇನ್ನೊಬ್ಬರು, ಅವರ ನಂತರ ಮತ್ತೊಬ್ಬರು. ಯಾರೋ ಗಂಟಲು ಸರಿಪಡಿಸಿಕೊಂಡರು. ಬಟ್ಟೆಗೆ ಬಟ್ಟೆ ತಾಗುವ ಸದ್ದು ನನ್ನ ಹಿಂದೆ ಎಡದಿಂದ ಬಲಕ್ಕೆ ಸರಿದು ನಿಂತಿತು. ಕೊನೆಗೆ ಕತ್ತು ಬಲಕ್ಕೆ ತಿರುಗಿಸಿ ಸಲಾಂ ಹೇಳಬೇಕು, ಆಮೇಲೆ ಎಡಕ್ಕೆ. ಪಕ್ಕದಲ್ಲಿರುವವರಿಗೆ ಸಲ್ಲುವ ಸಲಾಂ ಅದು. ಹೇಳಿದೆ. ಎರಡೂ ಕಡೆ ಕೆಸರು ಬಯಲು ಮಾತ್ರ ಕಂಡಿತು.

ಕಾಕಾ ಇನ್ನೂರು ಹೆಜ್ಜೆ ದೂರದಲ್ಲಿ ಜೀಪಿನ ಬಳಿ ಇದ್ದರು.

"ಹಿಂದ ಬಂದು ನಿಂತಿದ್ರೇನ್ರಿ ಕಾಕಾ?" ಎಂದು ಕೇಳಿದೆ.

"ಇಲ್ರಿ. ಇಲ್ಲಿ ಯಾರ ಬರ್ತಾರಂತ ಕಾಯಲಿ?"

ಅವರ ಕೈಯಲ್ಲಿ ಮುದ್ದೇಬಿಹಾಳದಲ್ಲಿ ಕೊಂಡ ನೀರಿನ ಬಾಟಲಿ ಇತ್ತು. ತಾವು ಚಿಕ್ಕವರಿದ್ದಾಗ ಜ್ವರ ಬಂದರೆ, ಬೆದರಿದರೆ, ತಾಯಿ ಎತ್ತಿಕೊಂಡು ಈ ಮಸೀದಿಯ ಬಾಗಿಲಲ್ಲಿ ನಿಲ್ಲುತ್ತಿದ್ದರಂತೆ. ನಮಾಜ್ ಮುಗಿಸಿ ಹೊರಬಂದವರು ಪ್ರಾರ್ಥನೆ ಓದಿ ತಂಬಿಗೆಯ ನೀರಿಗೆ ಊದಿ ಕೊಡುತ್ತಿದ್ದರಂತೆ.

"ಅದಕ್ಕಽ ಈ ದಾರಿ ಹಿಡದೇನಿ ತಂಗಿ. ಭಾಗಿ ಸಲುವಾಗಿ ಒಮ್ಮೆ ಊದ್ರಿ."

"ಅದು ಗಂಡಸರು ಮಾಡೋದ್ರಿ ಕಾಕಾ. ನನಗ ಬರಂಗಿಲ್ಲ."

"ಇವತ್ತ ಆ ಮಸೀದ್ಯಾಗಿಂದ ಹೊರಗ ಬಂದವರು ನೀವೊಬ್ಬರಽ ಅಲ್ಲೇನ್ರಿ?"

ಒಬ್ಬಳೇ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ಇದರಿಂದ ಏನೂ ಆಗದೆ ಇರಬಹುದು, ಡಾಕ್ಟರನ್ನು ಬಿಡಬೇಡಿ ಎಂದೆ. ತಲೆಯಾಡಿಸಿದರು. ಕುರಾನಿನ ಫಾತಿಹಾ ಓದಿ ಮೂರು ಸಲ ಊದಿದೆ. ಅವರು ಕೂಡಲೇ ಬಿರಡೆ ಬಿಗಿದರು.

ಬಸವನ ಬಾಗೇವಾಡಿಯ ಅಂಚಿನ ಅವರ ಮನೆ ತಲುಪಿದಾಗ ಸೂರ್ಯ ಮುಳುಗುತ್ತಿತ್ತು. ಭಾಗಿ ಕಂಬಕ್ಕೆ ಒರಗಿ ಕೂತಿದ್ದಳು. ಕಾಕಾ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟರು. ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಕುಡಿದಳು. ಅವಳ ತಾಯಿ ನನಗಾಗಿ ಚಾಪೆ ಹಾಸಿದಳು. ಹುಡುಗಿ ಚಾಪೆ ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ನನ್ನ ಹಿಂದಿನ ಬಾಗಿಲನ್ನು.

"ಯವ್ವಾ," ಅಂದಳು. ಧ್ವನಿ ಒರಟಾಗಿತ್ತು. "ಇನ್ನೊಂದು ಹಾಸ. ಮಂದಿ ಭಾಳ ಬಂದಾರ."

ತಾಯಿ ಮಗಳನ್ನು ಅಪ್ಪಿಕೊಂಡು ಅತ್ತಳು. ಅಳುತ್ತಲೇ, ಮಗಳು ಹೇಳಿದಳೆಂದು, ಇನ್ನೊಂದು ಚಾಪೆ ತಂದು ಹಾಸಿದಳು. ನಾನು ನನ್ನ ಚಾಪೆಯ ಅಂಚಿಗೆ ಕೂತು ಚಹಾ ಕುಡಿದೆ. ಸೂರ್ಯ ಮುಳುಗಿ ಮಗ್ರಿಬ್ ಹೊತ್ತಾಗಿತ್ತು. ನಮಾಜಿಗೆ ನೀರು ಬೇಕೆಂದು ಮೊದಲ ಸಲ ಬಾಯಿಬಿಟ್ಟು ಕೇಳಿದೆ. ಕಾಕಾ ಎದ್ದರು. ಅವರಿಗೂ ಬಾಗಿಲಿಗೂ ನಡುವೆ ಎರಡನೆಯ ಚಾಪೆ ಖಾಲಿ ಇತ್ತು. ಅವರು ಒಂದು ಗಳಿಗೆ ನಿಂತು, ಅದರ ಮೇಲೆ ಕಾಲಿಡದೆ, ಗೋಡೆಗೆ ಒತ್ತಿಕೊಂಡು ಸುತ್ತುಹಾಕಿ ಹೋಗಿ ನೀರು ತಂದರು.