ಖೋಲಿ ದಾಟದ ಪುಸ್ತಕ

ಜೂನ್ ೧೪, ೧೯೯೮, ಭಾನುವಾರ. ಬೆಳಿಗ್ಗೆ ಆರೂವರೆಗೆ ಬರೆಯಲು ಕುಳಿತೆ. ನಿನ್ನೆ ಚಿಕ್ಕೋಡಿ ಪೇಟೆಯಲ್ಲಿ ರದ್ದಿ ಪುಸ್ತಕಗಳ ರಾಶಿಯಿಂದ ಒಂದನ್ನು ಎತ್ತಿ ತೆರೆದೆ. ಹಾಳೆಗಳ ಸಂದಿಯಿಂದ ತಂಬಾಕಿನ ಘಾಟು ಎದ್ದು ಮೂಗಿಗೆ ಬಡಿಯಿತು. "ಹಳೇದ್ರಿ, ಬಿಸಲಿಗಿಟ್ರ ಹೋಕ್ಕೈತಿ" ಎಂದ ಅಂಗಡಿಯವನು. ಹೋಗುವುದು ನನಗೆ ಬೇಕಿರಲಿಲ್ಲ. ಅಕ್ಕೋಳದ ನಮ್ಮ ಮನೆಯ ಮುಂದಿನ ಕೋಣೆಯ, ನಮ್ಮ ಮಾತಿನಲ್ಲಿ ಖೋಲಿಯ, ವಾಸನೆ ಅದು. ಅಲ್ಲಿ ನನ್ನ ಅಜ್ಜನ ತಮ್ಮ, ನಮ್ಮೆಲ್ಲರ ಸಣ್ಣಜ್ಜ, ಊರಿಗಾಗಿ ವಾಚನಾಲಯ ನಡೆಸುತ್ತಿದ್ದರು. ಎರಡು ಕಪಾಟು, ಕೂತು ಓದಲು ಒಂದು ಉದ್ದನೆಯ ಬಾಕು, ಕನ್ನಡದ್ದೊಂದು ಮರಾಠಿಯದ್ದೊಂದು ಪೇಪರು, ಬಾಗಿಲ ಪಕ್ಕ ಕರಿಹಲಗೆ. ಲಸಿಕೆ ಹಾಕುವ ನರ್ಸ್‌ಬಾಯಿ ಯಾವತ್ತು ಬರುತ್ತಾರೆ, ಶಾಲೆಗೆ ಹೆಸರು ಹಚ್ಚಲು ಎಂದು ಕಡೆಯ ದಿನ, ನಿಪ್ಪಾಣಿ ಬಸ್ಸಿನ ವೇಳೆ ಬದಲಾಯಿತೋ ಹೇಗೆ, ಎಲ್ಲವನ್ನೂ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ನನ್ನ ಕೆಲಸ. ತಾರೀಖು ತಪ್ಪಿದರೆ ಆಗಲೂ ನನಗೆ ಊಟ ಸೇರುತ್ತಿರಲಿಲ್ಲ.

ನಮ್ಮ ಓಣಿಯ ಹೆಂಗಸರೆಲ್ಲ ಮನೆಯಲ್ಲೇ ಬೀಡಿ ಕಟ್ಟುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಮಡಿಲಲ್ಲಿ ಕಾಳು ಕೇರುವ ಮರ, ಮರದಲ್ಲಿ ಎಲೆ, ತಂಬಾಕು, ದಾರ ಇಟ್ಟುಕೊಂಡು ಎದುರುಮನೆ ಗಂಗವ್ವನ ಅಂಗಳದಲ್ಲಿ ಸೇರುತ್ತಿದ್ದರು. ನನ್ನ ಕಾಕು, ಚಿಕ್ಕಪ್ಪನ ಹೆಂಡತಿ, ವಾಚನಾಲಯದಿಂದ ಪುಸ್ತಕ ಒಯ್ದು ಅವರಿಗೆ ಓದಿ ಹೇಳುತ್ತಿದ್ದಳು. ಓದುವವಳ ಕೈಗೆ ಬೀಡಿ ಕಟ್ಟಲು ಬಿಡುವಿಲ್ಲವಲ್ಲ, ಅದಕ್ಕೆ ಏಳುವ ಮೊದಲು ಪ್ರತಿಯೊಬ್ಬಳೂ ತಾನು ಕಟ್ಟಿದ್ದರಲ್ಲಿ ಒಂದು ಹಿಡಿ ಕಾಕುವಿನ ಮರಕ್ಕೆ ಹಾಕಬೇಕು. ಯಾರೂ ಮಾಡಿದ ನಿಯಮವಲ್ಲ, ಯಾರೂ ಮುರಿದದ್ದೂ ಇಲ್ಲ. ೧೯೮೬ರ ಆ ಬೇಸಿಗೆಯಲ್ಲಿ ಓದುತ್ತಿದ್ದದ್ದು ಬಾಣಂತಿ ಮತ್ತು ಕೂಸಿನ ಆರೈಕೆಯ ಪುಸ್ತಕ. ಗಂಗವ್ವನ ಸೊಸೆ ರುಕ್ಮಾ ಬಸುರಿ. ಹಿಂದಿನ ವರ್ಷ ಅವಳ ಚೊಚ್ಚಲ ಕೂಸು ಭೇದಿಯಾಗಿ ಮೂರೇ ದಿನದಲ್ಲಿ ತೀರಿಕೊಂಡಿತ್ತು. ಭೇದಿಯಾದ ಕೂಸಿಗೆ ಹಾಲು, ನೀರು ಎರಡನ್ನೂ ನಿಲ್ಲಿಸಬೇಕು ಎಂದು ಆಗ ಎಲ್ಲರೂ ತಿಳಿದಿದ್ದರು; ಹಾಗೆಯೇ ಮಾಡಿದ್ದರು. ರುಕ್ಮಾ ಕೊಲ್ಲಾಪುರ ಕಡೆಯ ಹುಡುಗಿ. ಕಾಕು ಕನ್ನಡದಲ್ಲಿ ಓದಿ ಮರಾಠಿಯಲ್ಲಿ ಬಿಡಿಸಿ ಹೇಳುವವರೆಗೆ ಅವಳ ಬೆರಳು ದಾರದ ಮೇಲೆ ನಿಂತೇ ಇರುತ್ತಿತ್ತು.

ಭೇದಿಯ ಪಾಠ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಸಣ್ಣಜ್ಜ ಒಂದು ದಿನ ಅದೇ ಪುಸ್ತಕ ತೆರೆದು ಸೀನಿದರು. ಮತ್ತೆ ಸೀನಿದರು. ಧೋತರದ ತುದಿಯಿಂದ ಮೂಗು ಒರೆಸಿಕೊಂಡು, ತಲೆಗೆ ಪಟಕಾ ಸುತ್ತಿಕೊಳ್ಳುತ್ತ ಅಂಗಳಕ್ಕೇ ಬಂದರು.

"ಇದೇನ ಪುಸ್ತಕೋ, ತಂಬಾಕದ ಡಬ್ಬಿಯೋ? ಇವತ್ತಿನಿಂದ ಒಂದ ಪುಸ್ತಕಾನೂ ಖೋಲಿ ದಾಟಬಾರದು. ಓದೂದಿದ್ರ ಅಲ್ಲೇ ಬಂದು ಓದ್ರಿ. ತಂಬಾಕ ಮಾತ್ರ ಒಳಗ ತರೂ ಹಂಗಿಲ್ಲ."

"ಅಲ್ರಿ ಅಣ್ಣಾರ, ಬರೇ ಕೈಲೆ ಒಳಗ ಕುಂತ್ರ ಬೀಡಿ ನಿಮ್ಮ ಪಟಕಾ ಕಟ್ಟತೈತೇನ್ರಿ?" ಎಂದಳು ಗಂಗವ್ವ.

ಹೆಂಗಸರೆಲ್ಲ ನಕ್ಕರು. ರುಕ್ಮಾ ನಗಲಿಲ್ಲ. ಅವಳಿಗೆ ಎಂಟು ತಿಂಗಳು ತುಂಬಿತ್ತು.

ಮರುದಿನ ಮಧ್ಯಾಹ್ನ ಕಾಕು ಖೋಲಿಯೊಳಗೆ ಹೋಗಿ ಬೀದಿ ಕಡೆಯ ಕಿಟಕಿ ತೆರೆದಳು. ತುಕ್ಕು ಹಿಡಿದ ಚಿಲಕವನ್ನು ಒರಳಿನ ಗುಂಡಿನಿಂದ ಬಡಿಯಬೇಕಾಯಿತು. ಕಿಟಕಿಯ ಕೆಳಗೆ ನಮ್ಮ ಕಟ್ಟೆ. ಹೆಂಗಸರು ಮರ ಹೊತ್ತು ಬಂದು ಅದರ ತುಂಬ ಕುಳಿತರು. ರುಕ್ಮಾಗೆ ಗೋಡೆಗೆ ಒರಗುವ ಜಾಗ ಬಿಟ್ಟುಕೊಟ್ಟರು. ಕಾಕು ಸರಳುಗಳ ಹಿಂದೆ ನಿಂತು, ಮೊದಲು ಹಲಗೆಯ ಸುದ್ದಿ ಹೇಳಿ, ಆಮೇಲೆ ಪುಸ್ತಕ ಬಿಡಿಸಿದಳು. ನಿದ್ದೆಯಿಂದೆದ್ದು ಬಂದ ಸಣ್ಣಜ್ಜ ಕಟ್ಟೆಯನ್ನೂ ಕಿಟಕಿಯನ್ನೂ ನೋಡಿದರು.

"ಪುಸ್ತಕಾ ಒಳಗೈತ್ರಿ ಮಾವಾರ, ತಂಬಾಕ ಹೊರಗೈತಿ," ಎಂದಳು ಕಾಕು, ಸೆರಗು ಸರಿಮಾಡಿಕೊಂಡು. "ನಿಮ್ಮ ಮಾತ ಮೀರಿಲ್ರಿ."

ಸಣ್ಣಜ್ಜ "ಜೋರಾಗಿ ಓದವಾ, ಆ ತುದಿಗೆ ಕೇಳಸಂಗಿಲ್ಲ" ಎಂದು ತಾವೂ ಕಟ್ಟೆಯ ಆ ತುದಿಗೆ ಹೋಗಿ ಕುಳಿತರು. ಆ ದಿನ ಬಂದದ್ದು ಭೇದಿಯ ಪಾಠವೇ. ಹಾಲು ನಿಲ್ಲಿಸಬಾರದು, ಕಾಯಿಸಿ ಆರಿಸಿದ ನೀರಿಗೆ ಉಪ್ಪು ಸಕ್ಕರೆ ಹದವಾಗಿ ಬೆರೆಸಿ ಚಮಚದಿಂದ ಕುಡಿಸುತ್ತಿರಬೇಕು ಎಂಬಲ್ಲಿ ಗಂಗವ್ವ ಮರವನ್ನು ಕೆಳಗಿಟ್ಟಳು. "ಇನ್ನೊಮ್ಮೆ ಓದ" ಎಂದಳು. ಕಾಕು ಓದಿದಳು. ಗಂಗವ್ವ ಸೊಸೆಯ ಬೆನ್ನ ಮೇಲೆ ಕೈಯಿಟ್ಟಳು, ಅಷ್ಟೇ. ಆ ಹೊತ್ತು ಯಾರೂ ಬೀಡಿ ಕಟ್ಟಲಿಲ್ಲ.

ರುಕ್ಮಾಗೆ ಹೆಣ್ಣು ಹುಟ್ಟಿತು. ಮಳೆಗಾಲದಲ್ಲಿ ಆ ಕೂಸಿಗೂ ಭೇದಿ ಹಿಡಿಯಿತು. ಈ ಸಲ ಮಾತ್ರ ಓಣಿಗೆ ಓಣಿಯೇ ತಯಾರಿತ್ತು. ಒಬ್ಬಳು ನೀರು ಕಾಯಿಸಿದಳು, ಒಬ್ಬಳು ಸಕ್ಕರೆ ತಂದಳು, ಗಂಗವ್ವ ತಾನೇ ಸೊಸೆಯನ್ನು ಎಬ್ಬಿಸಿ ಹಾಲು ಕುಡಿಸಲು ಕೂರಿಸಿದಳು. ಮೊದಲ ಬಸ್ಸಿಗೆ ನಿಪ್ಪಾಣಿಗೆ ಒಯ್ದಾಗ ಡಾಕ್ಟರು ಕೂಸನ್ನು ನೋಡಿ, "ಯಾರ ಕಲಿಸಿದ್ರು ನಿಮಗ?" ಎಂದು ಕೇಳಿದರಂತೆ. "ನಮ್ಮ ಓಣ್ಯಾಗ ಲೈಬ್ರರಿ ಐತ್ರಿ" ಎಂದಳಂತೆ ಗಂಗವ್ವ. ವಾಪಸು ಬಂದು ಆ ಮಾತನ್ನು ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಸಿಕ್ಕವರಿಗೆಲ್ಲ ಹೇಳಿದಳು. ಸಣ್ಣಜ್ಜ ಆವತ್ತು ಹಲಗೆಯನ್ನು ನನಗೆ ಬಿಡದೆ ತಾವೇ ದೊಡ್ಡ ಅಕ್ಷರದಲ್ಲಿ ಬರೆದರು: ಕೂಸು ಆರಾಮ ಐತಿ.

ಈಗ ಸಣ್ಣಜ್ಜ ಇಲ್ಲ, ಕಾಕು ಇಲ್ಲ. ರಸ್ತೆ ಅಗಲ ಮಾಡುವಾಗ ಕಟ್ಟೆಯೂ ಖೋಲಿಯೂ ಹೋದವು. ಕಪಾಟುಗಳು ಯಾರ ಮನೆ ಸೇರಿದವೋ. ಗಂಗವ್ವ ತೀರಿಕೊಂಡ ಮೇಲೆ ರುಕ್ಮಾ ಮಗಳನ್ನು ಕರೆದುಕೊಂಡು ಊರು ಬಿಟ್ಟಳು. ಅಥಣಿಯಲ್ಲಿದ್ದಾರೆ ಎನ್ನುವವರಿದ್ದಾರೆ, ಕಾಗವಾಡ ಎನ್ನುವವರೂ ಇದ್ದಾರೆ. ಹುಡುಗಿಗೆ ಈಗ ಹನ್ನೆರಡು ತುಂಬುತ್ತಿರಬೇಕು. ಇದನ್ನು ಓದಿದವರಲ್ಲಿ ಅವರ ಸುದ್ದಿ ಬಲ್ಲವರು ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ನನಗೊಂದು ಕಾರ್ಡು ಹಾಕಿ. ಅವಳು ಹುಟ್ಟುವ ಮೊದಲೇ ಒಂದು ಓಣಿ ಅವಳಿಗಾಗಿ ಕುಳಿತು ಪುಸ್ತಕ ಕೇಳಿತ್ತು ಎಂಬುದನ್ನು ಅವಳಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ, ನನಗೆ ತಿಳಿಯಬೇಕಾಗಿದೆ.